ಫ್ರೀಕ್ಯಾಡ್‌ನಲ್ಲಿ ಎರಕದ ತೂಕ: ನಾಲ್ಕು ವರ್ಷ ಬಳಸಿದ ಮೇಲೆ

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಸಣ್ಣ ಫೌಂಡ್ರಿಯಲ್ಲಿ ಕೊಟೇಶನ್ ಬರೆಯುವ ಕೆಲಸ ನನ್ನದು. ಕಾಸ್ಟಿಂಗಿಗೆ (ಎರಕದ ವಸ್ತುವಿಗೆ) ಕಿಲೋ ಲೆಕ್ಕದಲ್ಲಿ ದರ ಹೇಳುವುದರಿಂದ, ಗಿರಾಕಿಯ ಸ್ಟೆಪ್ ಫೈಲ್ (ವಸ್ತುವಿನ ಮೂರು ಆಯಾಮದ ಕಂಪ್ಯೂಟರ್ ಮಾದರಿ) ಕೈಸೇರಿದೊಡನೆ ನನಗೆ ಮೊದಲು ಬೇಕಾಗುವುದು ಅದರ ಘನಫಲ. ಇದೊಂದಕ್ಕಾಗಿ ವರ್ಷವರ್ಷವೂ ಬಾಡಿಗೆ ಕಟ್ಟುವ ತಂತ್ರಾಂಶವನ್ನು ಇಟ್ಟುಕೊಳ್ಳುವುದು ನಮ್ಮ ಶಕ್ತಿಗೆ ಮೀರಿದ ಮಾತಾದ್ದರಿಂದ ನಾಲ್ಕು ವರ್ಷಗಳ ಹಿಂದೆ ಮೂರು ಆಯಾಮದ ವಿನ್ಯಾಸದ ಉಚಿತ ತಂತ್ರಾಂಶವಾದ ಫ್ರೀಕ್ಯಾಡ್ ಹಾಕಿಸಿಕೊಂಡೆ. ಅದರಲ್ಲಿ ಡ್ರಾಯಿಂಗ್ ಮಾಡುವ ಅನುಭವವನ್ನು ಬೇರೆಯವರು ಸಾಕಷ್ಟು ಬರೆದಿದ್ದಾರೆ. ನನ್ನ ಮಾತು ಅದು ಮಾಡುವ ಲೆಕ್ಕದ ಬಗ್ಗೆ ಮಾತ್ರ.

ಬೆಳಿಗ್ಗೆ ಫರ್ನೇಸ್ ಕಾಯುವ ಮೊದಲಿನ ಅರ್ಧ ಗಂಟೆ ಈ ಕೆಲಸಕ್ಕೆ ಮೀಸಲು. ಚಹಾ ಪಕ್ಕಕ್ಕಿಟ್ಟು ಫೈಲ್ ತೆರೆಯುತ್ತೇನೆ, ಘನಕಾಯವನ್ನು ಆರಿಸುತ್ತೇನೆ, ಕೆಳಗೆ ಆಜ್ಞೆ ಬರೆಯಲು ಇರುವ ಪೈಥಾನ್ ಕನ್ಸೋಲ್‌ನಲ್ಲಿ ಒಂದು ಸಾಲು ಬರೆಯುತ್ತೇನೆ. ಉತ್ತರ ಘನ ಮಿಲಿಮೀಟರ್‌ಗಳಲ್ಲಿ ಬರುತ್ತದೆ. ಗ್ರೇ ಐರನ್‌ಗೆ ನಾವು ಒಂದು ಘನ ಸೆಂಟಿಮೀಟರಿಗೆ 7.2 ಗ್ರಾಂ ಹಿಡಿಯುತ್ತೇವೆ. 23,40,000 ಎಂದು ಬಂದರೆ 16.85 ಕಿಲೋ. ಆ ಅಂಕಿಯನ್ನು ರಿಜಿಸ್ಟರಿನಲ್ಲಿ ಪೆನ್ಸಿಲಿನಿಂದ ಬರೆದು, ಮುಂದೆ ಕಾಸ್ಟಿಂಗ್ ಬಡಿದು ಶುಚಿಯಾಗಿ ತಕ್ಕಡಿ ಏರಿದ ದಿನ ನಿಜವಾದ ತೂಕವನ್ನು ಅದರ ಪಕ್ಕದಲ್ಲಿ ಪೆನ್ನಿನಿಂದ ಬರೆಯುವುದು ನಾನು ಒಂದು ದಿನವೂ ತಪ್ಪಿಸದ ರೂಢಿ.

ಎರಡನೆಯ ವರ್ಷ ಬೇಸರ ಶುರುವಾಯಿತು. ಆಳೆತ್ತರದ ಮೆಷಿನ್ ಬೆಡ್‌ಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತಿತ್ತು. ಅಂಗೈಯಗಲದ ವಾಲ್ವ್ ಬಾಡಿಯೊಂದಕ್ಕೆ ನಿಮಿಷಗಟ್ಟಲೆ ಕಾಯಬೇಕಾಗುತ್ತಿತ್ತು. ಕಂಪ್ಯೂಟರ್ ಹಳೆಯದಾಯಿತೆಂದು ಮೆಮೊರಿ ಹೆಚ್ಚಿಸಿದೆ. ಏನೂ ಬದಲಾಗಲಿಲ್ಲ.

ಕಾರಣ ಲೆಕ್ಕದ ಬಗೆಯಲ್ಲೇ ಇದೆ. ಫ್ರೀಕ್ಯಾಡ್‌ನ ಒಳಗಿರುವುದು 1999ರಲ್ಲಿ ಮುಕ್ತ ತಂತ್ರಾಂಶವಾದ ಓಪನ್ ಕ್ಯಾಸ್ಕೇಡ್ ಎಂಬ ಜ್ಯಾಮಿತಿ ಎಂಜಿನ್. ಅದು ಘನಕಾಯದ ಒಳಭಾಗವನ್ನು ಅಳೆಯುವ ಗೋಜಿಗೆ ಹೋಗದೆ, ಘನಫಲದ ಅನುಕಲನವನ್ನು ಹೊರಮೈಗೆ ವರ್ಗಾಯಿಸಿ, ಒಂದೊಂದು ಮುಖದ ಮೇಲೂ ಆಯ್ದ ಬಿಂದುಗಳಲ್ಲಿ ಗಣಿತದ ಮೌಲ್ಯ ತೆಗೆದು ಕೂಡಿಸುತ್ತದೆ. ಹಾಗಾಗಿ ವಸ್ತು ಎಷ್ಟು ದೊಡ್ಡದು ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಮುಖಗಳು ಎಷ್ಟು, ಅವು ಸಮತಲವೋ, ಸಿಲಿಂಡರೋ, ಸ್ಪ್ಲೈನೋ (ನಿಯಂತ್ರಣ ಬಿಂದುಗಳಿಂದ ರೂಪಿಸಿದ ಮುಕ್ತ ಬಾಗಿನ ಮೈ) ಎಂಬುದೇ ಮುಖ್ಯ. ನನ್ನ ವಾಲ್ವ್ ಬಾಡಿ ಎಸ್‌ಟಿಎಲ್ ರೂಪದಲ್ಲಿ, ಅಂದರೆ ಹೊರಮೈಯನ್ನು ತ್ರಿಕೋನಗಳಾಗಿ ಒಡೆದ ಫೈಲಾಗಿ ಬಂದಿತ್ತು, ಅದನ್ನು ನಾನು ಘನಕಾಯವಾಗಿ ಪರಿವರ್ತಿಸಿದ್ದೆ. ಸಾವಿರಾರು ತ್ರಿಕೋನಗಳಲ್ಲಿ ಪ್ರತಿಯೊಂದೂ ಬೇರೆಯದೇ ಮುಖವಾಗಿ ಕುಳಿತಿತ್ತು.

ಈಗ ಎಸ್‌ಟಿಎಲ್ ಬಂದರೆ ಪರಿವರ್ತಿಸದೆ ನೇರವಾಗಿ ಆ ತ್ರಿಕೋನಗಳ ಬಲೆಯಾದ ಮೆಶ್‌ನ ಘನಫಲವನ್ನೇ ಕೇಳುತ್ತೇನೆ. ತ್ರಿಕೋನಕ್ಕೊಂದು ಚತುಷ್ಫಲಕದಂತೆ (ನಾಲ್ಕು ತ್ರಿಕೋನ ಮುಖಗಳ ಘನಾಕೃತಿ) ಕೂಡಿ ಕಳೆಯುವ ಸರಳ ಲೆಕ್ಕವಾದ್ದರಿಂದ ಅದು ತಕ್ಷಣ ಮುಗಿಯುತ್ತದೆ. 36 ಬದಿಗಳಾಗಿ ಒಡೆದ ಸಿಲಿಂಡರು ನಿಜಕ್ಕಿಂತ ಸುಮಾರು 0.5 ಶೇಕಡಾ ಕಡಿಮೆ ತೋರಿಸುತ್ತದೆ, ಆದರೆ ಕೊಟೇಶನ್ನಿಗೆ ಅಷ್ಟು ವ್ಯತ್ಯಾಸ ಸಲ್ಲುತ್ತದೆ. ಇನ್ನೊಂದು ವಿಳಂಬ ನಾನು ಬರೆದಿಟ್ಟ ಆಜ್ಞೆಗಳ ಸರಣಿಯಾದ ಮ್ಯಾಕ್ರೋದ್ದೇ ಆಗಿತ್ತು: ಘನಫಲವನ್ನು ಕೇಳಿದಾಗಲೆಲ್ಲ ಲೆಕ್ಕ ಮೊದಲಿನಿಂದ ನಡೆಯುತ್ತದೆ, ನಾನು ಮೂರು ಕಡೆ ಕೇಳಿದ್ದೆ. ಒಮ್ಮೆ ಕೇಳಿ ಉತ್ತರವನ್ನು ಹೆಸರೊಂದರಲ್ಲಿ ಇಟ್ಟುಕೊಂಡರೆ ಮುಗಿಯಿತು.

ನನಗೆ ನಿಜವಾಗಿ ನೋವಾದದ್ದು ಬೌಂಡಿಂಗ್ ಬಾಕ್ಸ್, ಅಂದರೆ ವಸ್ತುವನ್ನು ಸುತ್ತುವರಿಯುವ ಕಾಲ್ಪನಿಕ ಪೆಟ್ಟಿಗೆಯ ವಿಷಯದಲ್ಲಿ. ಮರಳಿನ ಅಚ್ಚು ಕಟ್ಟುವ ಮೋಲ್ಡಿಂಗ್ ಬಾಕ್ಸಿನ ಅಳತೆಯನ್ನು ಅದರಿಂದಲೇ ಗೊತ್ತುಮಾಡುತ್ತಿದ್ದೆ. ಸ್ಪ್ಲೈನ್ ಮುಖಗಳಿದ್ದರೆ ಸಾಮಾನ್ಯ ಬೌಂಡಿಂಗ್ ಬಾಕ್ಸ್ ಮೇಲ್ಮೈಯ ಆಚೆ ನಿಲ್ಲುವ ನಿಯಂತ್ರಣ ಬಿಂದುಗಳನ್ನೂ ಒಳಗೊಂಡು ನಿಜಕ್ಕಿಂತ ದೊಡ್ಡದಾಗಬಹುದು ಎಂಬುದು ನನಗೆ ತಿಳಿದಿರಲಿಲ್ಲ. ಒಂದು ಪಂಪಿನ ಸುರುಳಿಯಾಕಾರದ ಕವಚವಾದ ವಾಲ್ಯೂಟ್‌ಗೆ ಮುಂದಿನ ಅಳತೆಯ ಬಾಕ್ಸ್ ಹಿಡಿದು, ಮರಳಿನ ಖರ್ಚು ಹೆಚ್ಚಾಗಿ, ಆರ್ಡರ್ ಕೈತಪ್ಪಿತು. ನಿಖರ ಬಾಕ್ಸ್ ಕೊಡುವ ಬೇರೆ ಆಜ್ಞೆಯೇ ಇದೆ. ಅದು ನಿಧಾನ, ಆದರೂ ಈಗ ನಾನು ಬಳಸುವುದು ಅದನ್ನೇ. ಹಾಗೆಯೇ ಘನಫಲ ಋಣಚಿಹ್ನೆಯೊಂದಿಗೆ ಬಂದರೆ ಮೈ ಒಳಹೊರಗಾಗಿದೆ ಎಂದರ್ಥ. ಚಿಹ್ನೆ ಅಳಿಸಿ ಮುಂದೆ ಹೋಗದೆ ಜ್ಯಾಮಿತಿ ಪರೀಕ್ಷೆ ಮಾಡಿಸಬೇಕು.

ಇಷ್ಟರ ನಂತರವೂ ಇದನ್ನು ಬಿಡದಿರಲು ಕಾರಣ ನಾನು ನಿರೀಕ್ಷಿಸದೇ ಇದ್ದ ಒಂದು ಸುಖ. ಘನಫಲವನ್ನು ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿದರೆ ಮಾಡ್ಯುಲಸ್ ಸಿಗುತ್ತದೆ. ಲೋಹ ಗಟ್ಟಿಯಾಗುವ ಸಮಯ ಅದರ ವರ್ಗಕ್ಕೆ ಅನುಪಾತದಲ್ಲಿದೆ ಎಂಬುದು 1940ರ ಖ್ವೊರಿನೋವ್ ನಿಯಮ. ಕಾಸ್ಟಿಂಗಿನ ದಪ್ಪ ಭಾಗವನ್ನು ಪರದೆಯ ಮೇಲೆ ಕತ್ತರಿಸಿ, ಕತ್ತರಿಸಿದ ಮುಖದಿಂದ ಶಾಖ ಹೊರಹೋಗದ ಕಾರಣ ಅದರ ವಿಸ್ತೀರ್ಣವನ್ನು ಕಳೆದು, ಭಾಗವಾರು ಮಾಡ್ಯುಲಸ್ ತೆಗೆಯುವುದು ಈಗ ಎರಡೇ ಸಾಲಿನ ಕೆಲಸ. ರೈಸರ್ (ಗಟ್ಟಿಯಾಗುತ್ತ ಕುಗ್ಗುವ ಕಾಸ್ಟಿಂಗಿಗೆ ದ್ರವ ಲೋಹ ಒದಗಿಸುವ ಸಂಗ್ರಹ) ಎಲ್ಲಿ ಕೂರಿಸಬೇಕೆಂದು ನಮ್ಮ ಹಿರಿಯ ಪ್ಯಾಟರ್ನ್ ಮೇಸ್ತ್ರಿಗಳು ಬೆರಳಿಟ್ಟು ತೋರಿಸುವ ಜಾಗದಲ್ಲೇ ಅತಿ ದೊಡ್ಡ ಅಂಕಿ ಬಂದ ದಿನ, ನಾವಿಬ್ಬರೂ ಪರದೆಯ ಮುಂದೆ ಬಹಳ ಹೊತ್ತು ಕುಳಿತೆವು.

2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಗೆ ಬದಲಾದ ಮೇಲೂ ನನ್ನ ಮ್ಯಾಕ್ರೋ ಹಾಗೆಯೇ ನಡೆಯುತ್ತಿದೆ. ಬಾಡಿಗೆಯಲ್ಲಿ ಉಳಿದ ಹಣದಿಂದ ನಾವು ಕೊಂಡದ್ದು ಹೊಸ ಪ್ಲಾಟ್‌ಫಾರ್ಮ್ ತಕ್ಕಡಿ. ಪೆನ್ಸಿಲಿನ ಅಂಕಿಯ ಪಕ್ಕದಲ್ಲಿ ಪೆನ್ನಿನಿಂದ ಬರೆಯುವ ತೂಕ ಈಗ ಅದರದ್ದು.