ಬ್ರೆಜಿಲ್ ನೋಡೋದಾದ್ರ 142 ನಿಮಿಷದ್ದೋ, 94 ನಿಮಿಷದ್ದೋ, ಇಲ್ಲಾ ದಿ ಟ್ರಯಲ್ಲೋ?

ಡೈರೆಕ್ಟರ್ ಟೆರಿ ಗಿಲಿಯಮ್‌ನ ಬ್ರೆಜಿಲ್ (1985) ಅಂದ್ರ ಒಂದೇ ಪಿಚ್ಚರ್ ಅಲ್ರಿ. ಯುರೋಪಿನಾಗ ಬಿಟ್ಟಿದ್ದು 142 ನಿಮಿಷದ್ದು, ಅಮೆರಿಕದ ಥಿಯೇಟರಿಗಿ 132, ಆಮ್ಯಾಲ ಟಿವಿಗಂತ ಸ್ಟುಡಿಯೋದವ್ರು ಕತ್ತರಿ ಹಾಕಿ 94ಕ್ಕ ಇಳಿಸಿದ್ದು ಇನ್ನೊಂದು. ಈ ಬ್ಯಾಸಿಗ್ಯಾಗ ಕಲಬುರಗಿ ಬಿಸಿಲಿಗಿ ಹೊರಗ ಕಾಲಿಡ್ಲಾಕ ಆಗ್ದ ಕೂಲರ್ ಮುಂದ ಕುಂತು ಉದ್ದಂದು, ಗಿಡ್ಡಂದು ಎರಡೂ ನೋಡ್ದೆ, ಜೊತಿಗಿ ಆರ್ಸನ್ ವೆಲ್ಸ್‌ನ ದಿ ಟ್ರಯಲ್ (1962) ಭೀ ನೋಡ್ದೆ, ಯಾಕಂದ್ರ ಆಫೀಸು-ಫೈಲಿನ ಹುಚ್ಚಾಟದ ಮಾತು ಬಂದ್ರ ಇವೆರಡರ ಹೆಸರು ಕೂಡೇ ಬರ್ತಾವ.

ಟ್ರಯಲ್ ಕಾಫ್ಕಾನ ಕಾದಂಬರಿ ಮ್ಯಾಲ ಮಾಡಿದ್ದು. ಹೀರೋ ಆಂಥನಿ ಪರ್ಕಿನ್ಸ್ ನಿದ್ದಿಯಿಂದ ಏಳೋದ್ರಾಗ ಅರೆಸ್ಟು, ಯಾವ ಕೇಸು ಅಂತ ಕಡಿತನಕ ಯಾರೂ ಹೇಳಂಗಿಲ್ಲ. ಭಾಳಷ್ಟು ಭಾಗ ಪ್ಯಾರಿಸ್‌ನ ಖಾಲಿ ಬಿದ್ದಿದ್ದ ರೈಲ್ವೆ ಸ್ಟೇಷನ್‌ನಾಗ ಶೂಟ್ ಮಾಡ್ಯಾರ, ಆ ನೆರಳು, ಸಾಲಿಗಿ ಸಾಲು ಟೇಬಲ್ಲು, ಕಣ್ಣು ಕೀಳ್ಲಾಕ ಆಗಲ್ಲ. ಖರೆ ಹೇಳ್ತೀನಿ, ಅಂಜಿಕಿ ಬಂತು, ನಗು ಬರ್ಲಿಲ್ಲ. ಅಲ್ಲಿ ಕೋರ್ಟು ಅಂದ್ರ ದೇವ್ರ ಲೆವೆಲ್. ನಾವು ದಿನಾ ನೋಡೋ ಆಫೀಸು ಹಂಗೆಲ್ಲಿ ಅದ? ಇಲ್ಲಿ ಸಾಹೇಬ್ರು ಊಟಕ್ಕ ಹೋಗ್ಯಾರ ಅಷ್ಟೇ.

ಬ್ರೆಜಿಲ್ ಹಿಡಿಯೋದೇ ಅಲ್ಲಿ. ಒಂದು ಹುಳ ಪ್ರಿಂಟರ್‌ನಾಗ ಬೀಳ್ತದ, ಅರೆಸ್ಟ್ ಮಾಡ್ಬೇಕಾದವ್ನ ಹೆಸರು ಟಟ್ಲ್ ಅನ್ನೋದು ಬಟ್ಲ್ ಆಗ್ತದ, ಪಾಪದ ಬಟ್ಲನ್ನ ಹೆಂಡ್ತಿ-ಮಕ್ಕಳ ಮುಂದೇ ಗೋಣಿಯಂಥದ್ರಾಗ ಕಟ್ಟಿ ಒಯ್ದು, ಹೆಂಡ್ತಿ ಕಡಿಂದ ರಸೀದಿಗಿ ಸಹಿ ತಗೋತಾರ! ಅಸಲಿ ಟಟ್ಲ್ (ರಾಬರ್ಟ್ ಡಿ ನಿರೋ) ಮಾಡಿದ ಗುನ್ಹೆ ಏನು, ಫಾರ್ಮ್ ತುಂಬ್ದೇ ಪೈಪು ರಿಪೇರಿ ಮಾಡೋದು. ನಮ್ ಕಡಿ 371(ಜೆ) (ಕಲ್ಯಾಣ ಕರ್ನಾಟಕದವ್ರಿಗಿ ಸೀಟು-ನೌಕರಿ ಮೀಸಲಾತಿ) ಸರ್ಟಿಫಿಕೇಟಿಗಿ ತಿರುಗಿದವ್ರಿಗಿ ಇದೆಲ್ಲ ಬಿಡಿಸಿ ಹೇಳ್ಬೇಕಾಗಿಲ್ಲ. ನಮ್ ಮನ್ಯಾಗ ಒಬ್ರದು ಮಾರ್ಕ್ಸ್ ಕಾರ್ಡಿನಾಗ ತಂದಿ ಹೆಸರಿಂದು ಒಂದಕ್ಷರ ಹೆಚ್ಚು-ಕಡಿಮಿ ಇತ್ತು, ಕೌಂಟರ್‌ನಾಗಿನವ್ರು ಕುರ್ಚಿ ಕೊಟ್ಟು ಕೂಡಿಸಿ, ಸಿಸ್ಟಮ್‌ನಾಗ ಹಂಗೇ ಬರ್ತದ್ರಿ ನಾವೇನ್ ಮಾಡೋದು ಅಂದ್ರು. ಯಾರ್ ಮ್ಯಾಲ ಸಿಟ್ಟಾಗ್ಬೇಕು? ಗಿಲಿಯಮ್ ಪಿಚ್ಚರಿನಾಗ ಭೀ ಅಷ್ಟೇ, ಕೆಟ್ಟವ್ರಂತ ಯಾರೂ ಕಾಣಂಗಿಲ್ಲ, ಚಿತ್ರಹಿಂಸೆ ಕೊಡೋ ಮೈಕಲ್ ಪೇಲಿನ್ ಪಾತ್ರ ಮಕ್ಕಳ ಜೋಡಿ ಆಡೋ ಒಳ್ಳೆ ಸಂಸಾರಸ್ಥ, ಹೊರಗ ಟೈಪಿಸ್ಟಮ್ಮ ಒಳಗಿನ ಚೀರಾಟ ಕೇಳಿ ಕೇಳಿ ಟೈಪ್ ಮಾಡ್ಲತ್ತಾಳ.

ಈಗ ಗಿಡ್ಡಂದು. (ಎಂಡಿಂಗ್ ಗೊತ್ತಾಗೋದು ಬ್ಯಾಡ ಅನ್ನೋರು ಈ ಪ್ಯಾರಾ ಬಿಡ್ರಿ.) 94ರದ್ದು ಫಾಸ್ಟ್ ಅದ, ಬೋರ್ ಹೊಡ್ಯಂಗಿಲ್ಲ, ಹೀರೋ ಸ್ಯಾಮ್‌ನ ರೆಕ್ಕಿ-ಗಿಕ್ಕಿ ಕನಸು ಭಾಳಷ್ಟು ಕಟ್. ಅವು ಉದ್ದಂದ್ರಾಗ ಸ್ವಲ್ಪ ಎಳದಂಗ ಅನಿಸ್ತಾವ, ಅದು ನಾನೂ ಒಪ್ಪತೀನಿ. ಆದ್ರ ಇಲ್ಲಿ ಕಡಿಗಿ ಸ್ಯಾಮ್ ಮತ್ತ ಅವನ ಹುಡುಗಿ ಜಿಲ್ ಆರಾಮ್ ಪಾರಾಗ್ತಾರ! ಉದ್ದಂದ್ರಾಗ ಪಾರಾಗಿದ್ದು ಬರೇ ಅವನ ತಲಿಯಾಗ, ಮೈ ಚಿತ್ರಹಿಂಸೆ ಕುರ್ಚಿಗಿ ಕಟ್ಟಿದಂಗೇ ಅದ, ಬಾಯಾಗ ಹಾಡು ಗುನುಗ್ಲತ್ತಾನ. ಎರಡು ತಾಸು ನಕ್ಕಿದ್ದು ಗಂಟಲಾಗ ಸಿಗೋದು ಅವಾಗ. ಅದು ತೆಗದ್ರ ಉಳಿಯೋದು ಮಾಮೂಲಿ ಲವ್ ಸ್ಟೋರಿ. ಇದೇ ಎಂಡಿಂಗಿಗಿ ಗಿಲಿಯಮ್ ಯೂನಿವರ್ಸಲ್ ಸ್ಟುಡಿಯೋ ಜೋಡಿ ಜಗಳಕ್ಕ ಬಿದ್ದು, ನನ್ ಪಿಚ್ಚರ್ ಯಾವಾಗ ಬಿಡ್ತೀರಿ ಅಂತ ವೆರೈಟಿ ಪತ್ರಿಕ್ಯಾಗ ಫುಲ್ ಪೇಜ್ ಜಾಹೀರಾತು ಕೊಟ್ಟ, ಅಮೆರಿಕದಾಗ ರಿಲೀಸ್ ಆಗೋಕಿಂತ ಮೊದ್ಲೇ ಲಾಸ್ ಏಂಜಲಿಸ್ ವಿಮರ್ಶಕರು 1985ರ ಬೆಸ್ಟ್ ಪಿಚ್ಚರ್ ಅಂತ ಆರಿಸೇಬಿಟ್ರು.

ಬೀದರ್ ದೋಸ್ತ್ ಒಬ್ಬ ಇನ್ನೂ 94ರದ್ದೇ ಛಲೋ ಅಂತ ವಾದ ಮಾಡ್ತಾನ, ದಿನಾ ದುಡಿದು ಬಂದವ್ನಿಗಿ ಹ್ಯಾಪಿ ಎಂಡಿಂಗ್ ಬೇಕಂತ. ನಂದು 142. ಗಿಡ್ಡಂದು ನೋಡೋದಿದ್ರ ಆಮ್ಯಾಲ ನೋಡ್ರಿ, ಟ್ರಯಲ್ ರಾತ್ರಿ ಒಬ್ಬರೇ ಕುಂತು ನೋಡ್ರಿ. ಸಬ್‌ಟೈಟಲ್ ಹಾಕ್ಕೊಳ್ರಿ, ಬ್ರೆಜಿಲ್‌ನಾಗ ಎಲ್ರೂ ಒಮ್ಮಿಗೇ ಮಾತಾಡ್ತಾರ.