ಐದು ನಿಮಿಷ ಮೈಕ್ ಮುಂದೆ: ಪದವಿ ಮೊದಲ ವರ್ಷದ ಭಾಷಣ ಕೋರ್ಸ್ ಹೇಗಿದೆ?

ದಕ್ಷಿಣ ಬೆಂಗಳೂರಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಐಚ್ಛಿಕ ವಿಷಯವಾಗಿ ಇಟ್ಟಿರುವ ‘ಪಬ್ಲಿಕ್ ಸ್ಪೀಕಿಂಗ್’ ಕೋರ್ಸಿನ ವಿಮರ್ಶೆ ಇದು. ಕಾಲೇಜಿನ ಹೆಸರು ಬೇಡ. ಇಲ್ಲಿ ಕಾಣುವ ಗುಣದೋಷಗಳು ಊರಿನ ಬೇರೆ ಕಾಲೇಜುಗಳ ಇಂಥದೇ ಪೇಪರಿನಲ್ಲೂ ಸಿಗುತ್ತವೆ. ತೀರ್ಪು ಮೊದಲೇ ಹೇಳಿಬಿಡುವುದಾದರೆ: ಧಾರಾಳವಾಗಿ ತಗೊಳ್ಳಿ, ಆದರೆ ಫಾರಂ ತುಂಬುವ ಮುಂಚೆ ಸೆಕ್ಷನ್‌ನಲ್ಲಿ ಎಷ್ಟು ಜನ ಇರುತ್ತಾರೆ ಅಂತ ಕೇಳಿಕೊಳ್ಳಿ. ಪಠ್ಯಪುಸ್ತಕ ಯಾವುದು, ಮೇಷ್ಟ್ರು ಯಾರು ಅನ್ನುವುದಕ್ಕಿಂತ ಈ ಒಂದು ಪ್ರಶ್ನೆ ಮುಖ್ಯ.

ಕಾರಣ ಬರೀ ಲೆಕ್ಕ. ಕೋರ್ಸ್ 15 ವಾರ, ವಾರಕ್ಕೆ 55 ನಿಮಿಷದ ಎರಡು ಪೀರಿಯಡ್, ಅಂದರೆ ಒಟ್ಟು 30. ಹಾಜರಿಗೆ, ಪ್ರೊಜೆಕ್ಟರ್ ಹಚ್ಚೋದಕ್ಕೆ ಐದು ನಿಮಿಷ ಹೋದರೆ ಕೈಗೆ ಉಳಿಯುವುದು 50. ಐದು ನಿಮಿಷದ ಒಂದು ಭಾಷಣ, ಮೇಲೆ ಎರಡು ನಿಮಿಷ ಅಭಿಪ್ರಾಯ, ಮುಂದಿನವರು ಎದ್ದು ಬರುವುದಕ್ಕೆ ಒಂದು ನಿಮಿಷ: ತಲೆಗೆ ಎಂಟು ನಿಮಿಷ. ಒಂದು ಪೀರಿಯಡ್‌ನಲ್ಲಿ ಆರು ಜನ ಮುಗಿಸಿದರೆ ಹೆಚ್ಚು. ಈ ಸೆಕ್ಷನ್‌ನಲ್ಲಿ 36 ಜನ, ಹಾಗಾಗಿ ಒಂದು ಸುತ್ತಿಗೆ ಆರು ಪೀರಿಯಡ್. ಎರಡು ನಿಮಿಷದ ಸ್ವಪರಿಚಯ, ಐದು ನಿಮಿಷದ ಮಾಹಿತಿ ಭಾಷಣ, ಆರು ನಿಮಿಷದ ಮನವೊಲಿಸುವ ಭಾಷಣ, ಮೂರು ನಿಮಿಷದ ಸಂದರ್ಭ ಭಾಷಣ (ಸ್ವಾಗತ, ವಂದನಾರ್ಪಣೆಯಂಥದ್ದು) ಎಲ್ಲಾ ಸೇರಿ ಸುಮಾರು 21 ಪೀರಿಯಡ್ ಆಗುತ್ತದೆ. ಪಾಠಕ್ಕೆ ಉಳಿಯುವುದು ಒಂಬತ್ತು. ಇದು ಸರಿಯಾದ ಪ್ರಮಾಣ. ಇದೇ ಸೆಕ್ಷನ್‌ನಲ್ಲಿ 60 ಜನರನ್ನು ತುಂಬಿದರೆ ಬರೀ ಭಾಷಣಗಳಿಗೇ 30ಕ್ಕಿಂತ ಹೆಚ್ಚು ಪೀರಿಯಡ್ ಬೇಕು, ಇರೋದೇ 30. ಆಗ ಕಾಲೇಜುಗಳು ಮಾಡುವುದು ಒಂದೇ: ನಾಲ್ಕು ಭಾಷಣ ಎರಡಾಗುತ್ತದೆ, ಉಳಿದದ್ದು ‘ಸಂವಹನದ ಸಿದ್ಧಾಂತಗಳು’ ಅಂತ ಬೋರ್ಡ್ ಮೇಲೆ ಬರೆಸಿ ಮುಗಿಸುತ್ತಾರೆ. ಈಜು ಕಲಿಸುತ್ತೇವೆ ಅಂತ ಕರೆದು ದಡದ ಮೇಲೆ ನೋಟ್ಸ್ ಕೊಟ್ಟ ಹಾಗೆ.

ಮೊದಲ ಮೂರು ವಾರ ಈ ಕೋರ್ಸಿನ ಅತ್ಯುತ್ತಮ ಭಾಗ. ವಿಷಯ ಆಯ್ಕೆಯನ್ನೇ ಎರಡು ಪೀರಿಯಡ್ ತಿದ್ದಿಸುತ್ತಾರೆ. ‘ಕಾವೇರಿ ನೀರು’ ಅಂತ ಬರೆದುಕೊಂಡು ಬಂದವರನ್ನು ವಾಪಸ್ ಕಳಿಸುತ್ತಾರೆ. ಐದು ನಿಮಿಷಕ್ಕೆ ಅದು ಹಿಡಿಸದ ವಿಷಯ. ‘ಕಾವೇರಿ ನೀರು ಬೆಂಗಳೂರಿನ ನಲ್ಲಿಗೆ ಹತ್ತಿ ಬರುವುದು ಹೇಗೆ’ ಅಂದರೆ ಒಪ್ಪಿಗೆ. ಸುಮಾರು 100 ಕಿಲೋಮೀಟರ್ ದೂರ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಪಂಪಿಂಗ್ ಹಂತ. ಮೂರು ಹಂತವೇ ಭಾಷಣದ ಮೂರು ಭಾಗ, ಮರೆಯುವ ಪ್ರಶ್ನೆಯೇ ಇಲ್ಲ. ವಿಷಯ ಚಿಕ್ಕದಾದಷ್ಟೂ ವಿವರ ದೊಡ್ಡದಾಗಿ ಕಾಣುತ್ತದೆ ಅನ್ನುವುದನ್ನು ಬೇರೆ ಯಾವ ಪೇಪರೂ ಇಷ್ಟು ಚೆನ್ನಾಗಿ ಕಲಿಸುವುದಿಲ್ಲ.

ಆಮೇಲೆ ಚೀಟಿ. ಪೂರ್ತಿ ಬರೆದು ಓದುವುದಕ್ಕೂ, ಉರು ಹೊಡೆದು ಒಪ್ಪಿಸುವುದಕ್ಕೂ ಇಲ್ಲಿ ಅಂಕ ಕಡಿತ. ಮುಖ್ಯಾಂಶಗಳನ್ನು ಮಾತ್ರ ಬರೆದುಕೊಂಡು ವಾಕ್ಯಗಳನ್ನು ಅಲ್ಲೇ ಕಟ್ಟಬೇಕು. ಅದಕ್ಕೆ ಮೂರು ಇಂಚು ಅಗಲ, ಐದು ಇಂಚು ಉದ್ದದ ದಪ್ಪ ಕಾರ್ಡು. ಒಂದು ಭಾಷಣಕ್ಕೆ ಐದಕ್ಕಿಂತ ಹೆಚ್ಚಿಲ್ಲ, ಕಾರ್ಡಿಗೆ ಐದಾರು ಪದ, ಮೂಲೆಯಲ್ಲಿ ಕ್ರಮಸಂಖ್ಯೆ. ಸಂಖ್ಯೆ ಹಾಕದಿದ್ದರೆ ಕೈಜಾರಿ ಬಿದ್ದ ಕಾರ್ಡುಗಳನ್ನು ವೇದಿಕೆ ಮೇಲೆ ಜೋಡಿಸಿಕೊಳ್ಳುವ ಪಾಡು. ಎ4 ಹಾಳೆ ಬೇಡ ಅನ್ನುವುದಕ್ಕೂ ಕಾರಣವಿದೆ: ಬೆರಳಿನ ಸಣ್ಣ ನಡುಕ ಹಾಳೆಯ ತುದಿಗೆ ಹೋಗುವಷ್ಟರಲ್ಲಿ ದೊಡ್ಡದಾಗಿ, ಕೊನೆಯ ಬೆಂಚಿಗೂ ಕಾಣುತ್ತದೆ, ಅದರ ಸದ್ದು ಮೈಕಿಗೂ ಕೇಳುತ್ತದೆ. ಕಾರ್ಡು ಅಲ್ಲಾಡುವುದಿಲ್ಲ. ಮೊಬೈಲ್ ನೋಡಿ ಮಾತಾಡುವವರ ಕಷ್ಟವೇ ಬೇರೆ. ಅರ್ಧ ನಿಮಿಷಕ್ಕೆ ಸ್ಕ್ರೀನ್ ಲಾಕ್ ಆಗುತ್ತದೆ, ಅನ್‌ಲಾಕ್ ಮಾಡಲು ತಲೆ ತಗ್ಗಿಸಿದರೆ ದನಿಯೂ ತಗ್ಗುತ್ತದೆ, ಅಷ್ಟರಲ್ಲಿ ವಾಟ್ಸಾಪ್ ಮೆಸೇಜ್ ಮೇಲಿಂದ ಇಳಿಯುತ್ತದೆ.

ಭಯದ ಬಗ್ಗೆ ಒಂದೇ ಪೀರಿಯಡ್, ಅಷ್ಟೇ ಸಾಕು. ‘ಆತ್ಮವಿಶ್ವಾಸ ಬೆಳೆಸಿಕೊಳ್ಳಿ’ ಎಂಬ ಉಪದೇಶ ಇಲ್ಲಿಲ್ಲ, ಪುಣ್ಯ. ಹೆದರಿಕೆ ಸಾಮಾನ್ಯವಾಗಿ ತುತ್ತತುದಿಗೆ ಏರುವುದು ಎದ್ದು ನಿಂತ ಮೊದಲ ನಿಮಿಷದಲ್ಲಿ, ಆಮೇಲೆ ತಾನಾಗಿ ಇಳಿಯುತ್ತದೆ. ಹಾಗಾಗಿ ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಮಾತ್ರ ಬಾಯಿಪಾಠ. ಮಧ್ಯದ್ದು ಕಾರ್ಡು ನೋಡಿಕೊಳ್ಳುತ್ತದೆ. ಹೆಸರು ಕರೆಯುವ ಮುಂಚೆ ಕೂತಲ್ಲೇ ನಾಲ್ಕು ಎಣಿಸಿ ಉಸಿರೆಳೆದು ಆರು ಎಣಿಸಿ ಬಿಡುವುದು, ನಾಲ್ಕೈದು ಸಲ. ಮುಂದೆ ಹೋದ ಮೇಲೆ ಎರಡೂ ಪಾದ ಊರಿ ನಿಂತು, ಒಬ್ಬರ ಮುಖ ನೋಡಿ, ಆಮೇಲೆ ಬಾಯಿ ತೆರೆಯುವುದು. ನಡೆಯುತ್ತಲೇ ‘ಎಲ್ಲರಿಗೂ ನಮಸ್ಕಾರ’ ಶುರು ಮಾಡಿದವರ ಮೊದಲ ವಾಕ್ಯ ಯಾರಿಗೂ ಕೇಳಿಸಿರುವುದಿಲ್ಲ.

ಕಾಲಮಿತಿಯಲ್ಲಿ ಕನ್ನಡದ ಹುಡುಗರಿಗೇ ಒಂದು ವಿಶೇಷ ತೊಡಕಿದೆ. ಸಂಬೋಧನೆ! ‘ವೇದಿಕೆಯ ಮೇಲೆ ಆಸೀನರಾಗಿರುವ ಸಭಾಧ್ಯಕ್ಷರೇ, ಮುಖ್ಯ ಅತಿಥಿಗಳೇ, ಗುರುವೃಂದದವರೇ, ನನ್ನ ನೆಚ್ಚಿನ ಸಹಪಾಠಿಗಳೇ’ ಎಂದು ಶುರುವಾದರೆ ಐದು ನಿಮಿಷದಲ್ಲಿ ಅರ್ಧ ನಿಮಿಷ ಅಲ್ಲೇ ಖರ್ಚು. ವೇದಿಕೆಯೇ ಇಲ್ಲದ ತರಗತಿಯಲ್ಲೂ ಈ ಪಟ್ಟಿ ಬರುತ್ತದೆ, ಹೈಸ್ಕೂಲಿನ ಭಾಷಣ ಸ್ಪರ್ಧೆಗಳ ಬಳುವಳಿ. ಕೋರ್ಸಿನಲ್ಲಿ ನಿಯಮ ಕಟ್ಟುನಿಟ್ಟು: ಒಂದೇ ಸಂಬೋಧನೆ, ಹತ್ತು ಸೆಕೆಂಡಿನೊಳಗೆ. ಇನ್ನೊಂದು ತೊಡಕು ಪದಗಳ ಎಣಿಕೆ. ಪಠ್ಯದಲ್ಲಿ ನಿಮಿಷಕ್ಕೆ 130ರಿಂದ 150 ಪದ ಅಂತಿದೆ. ಅದು ಇಂಗ್ಲಿಷಿನ ಲೆಕ್ಕ. ವಿಭಕ್ತಿ, ಕ್ರಿಯಾಪದ ಎಲ್ಲ ಒಂದಕ್ಕೊಂದು ಅಂಟುವ ಕನ್ನಡದಲ್ಲಿ ಪದಗಳು ಉದ್ದ, ಸಂಖ್ಯೆ ಕಮ್ಮಿ. ಇಂಗ್ಲಿಷಿನ ಲೆಕ್ಕದಲ್ಲಿ ಕನ್ನಡ ಭಾಷಣ ಬರೆದರೆ ಎರಡು ಮೂರು ನಿಮಿಷ ಮೀರುವುದು ಖಚಿತ. ಒಂದು ಪುಟ ಗಟ್ಟಿಯಾಗಿ, ನಿಂತುಕೊಂಡು, ಗಡಿಯಾರ ಇಟ್ಟು ಓದಿ ಸ್ವಂತ ವೇಗ ಗೊತ್ತುಮಾಡಿಕೊಳ್ಳುವುದೇ ದಾರಿ. ಮನಸ್ಸಿನಲ್ಲೇ ಓದಿ ಅಳೆದರೆ ಮೋಸ. ಕಣ್ಣಿನ ವೇಗ ಬಾಯಿಗಿಲ್ಲ.

ಮನವೊಲಿಸುವ ಭಾಷಣಕ್ಕೆ ಬಳಸುವ ಚೌಕಟ್ಟು ಹಳೆಯದು, ಗಟ್ಟಿಯಾದದ್ದು: ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಲನ್ ಮನ್ರೋ 1930ರ ದಶಕದಲ್ಲಿ ರೂಪಿಸಿದ ಐದು ಮೆಟ್ಟಿಲು. ಗಮನ ಸೆಳೆ, ಕೊರತೆ ತೋರಿಸು, ಪರಿಹಾರ ಹೇಳು, ಆ ಪರಿಹಾರ ಬಂದಮೇಲೆ ಬದುಕು ಹೇಗಿರುತ್ತದೆ ಅಂತ ಕಣ್ಣಿಗೆ ಕಟ್ಟಿಸು, ಕೊನೆಗೆ ಕೇಳುಗರು ಏನು ಮಾಡಬೇಕು ಅಂತ ಹೇಳು. ಹುಡುಗರು ಎಡವುವುದು ಐದನೆಯದರಲ್ಲಿ. ಕಸ ವಿಂಗಡಣೆ ಬಗ್ಗೆ ಆರು ನಿಮಿಷ ಚೆನ್ನಾಗಿ ಮಾತಾಡಿ ‘ಆದ್ದರಿಂದ ಪರಿಸರವನ್ನು ಉಳಿಸೋಣ’ ಅಂತ ಮುಗಿಸಿದರೆ ಮನೆಗೆ ಹೋಗಿ ಯಾರೂ ಏನೂ ಮಾಡುವುದಿಲ್ಲ. ‘ಇವತ್ತು ಸಂಜೆ ಅಡುಗೆಮನೆಯಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಪ್ಯಾಡ್‌ಗಳಿಗೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ ಇಡಿ’ ಅಂದರೆ ಅದು ಕ್ರಿಯೆ. ನಾಲ್ಕನೇ ಮೆಟ್ಟಿಲನ್ನು ಮಾತ್ರ ಈ ಕೋರ್ಸ್ ಅವಸರದಲ್ಲಿ ದಾಟಿಸುತ್ತದೆ, ಅದಕ್ಕೇ ಬಹಳ ಭಾಷಣಗಳು ಸರ್ಕಾರಿ ಪ್ರಕಟಣೆಯಂತೆ ಒಣಗಿರುತ್ತವೆ.

ಸಲಕರಣೆಯ ವಿಷಯದಲ್ಲಿ ಕೋರ್ಸ್ ಸೋಲುತ್ತದೆ. ಮೈಕ್ ಅಭ್ಯಾಸ ಇಡೀ ಸೆಮಿಸ್ಟರ್‌ಗೆ ಎರಡೇ ಪೀರಿಯಡ್. ಕೈ ಮೈಕನ್ನು ಗಲ್ಲದ ಮಟ್ಟದಲ್ಲಿ, ಬಾಯಿಂದ ನಾಲ್ಕು ಬೆರಳು ದೂರ ಹಿಡಿಯಬೇಕು, ತಲೆ ತಿರುಗಿದ ಕಡೆ ಮೈಕೂ ತಿರುಗಬೇಕು. ಮೈಕಿನ ತಲೆಯ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಸುತ್ತಲಿನ ಸದ್ದನ್ನೂ ಎಳೆದುಕೊಂಡು ‘ಕುಂಯ್’ ಅನ್ನುತ್ತದೆ. ಸ್ಪೀಕರ್ ಡಬ್ಬದ ಎದುರಿಗೆ ಹೋಗಿ ನಿಂತರೂ ಅದೇ ಗತಿ. ಕಾಲರ್ ಮೈಕಿಗೆ ದುಪಟ್ಟಾ ಉಜ್ಜಿದರೆ ಕರಕರ ಸದ್ದು. ಇವನ್ನೆಲ್ಲ ಹೇಳುತ್ತಾರೆ, ಆದರೆ ಕೈಗೆ ಕೊಟ್ಟು ಮಾಡಿಸುವಷ್ಟು ಹೊತ್ತಿಲ್ಲ. ಫ್ಯಾನ್ ತಿರುಗುವ ತರಗತಿಯಲ್ಲಿ ಮೈಕಿಲ್ಲದೆ ಹಿಂದಿನ ಬೆಂಚಿಗೆ ದನಿ ಮುಟ್ಟಿಸುವ ಅಭ್ಯಾಸ ಮಾತ್ರ ಚೆನ್ನಾಗಿ ಆಗುತ್ತದೆ.

ಸ್ಲೈಡ್‌ಗಳ ಗೋಳು ಇನ್ನೊಂದು. ಮನೆಯ ಕಂಪ್ಯೂಟರಿನಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಾಲೇಜಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿಕೊಂಡು ಪೆನ್‌ಡ್ರೈವಿನಲ್ಲೂ ಮೇಲ್‌ನಲ್ಲೂ ಇಟ್ಟರೆ ಈ ರಗಳೆಯಿಲ್ಲ. ಅಕ್ಷರ 28 ಪಾಯಿಂಟಿಗಿಂತ ಚಿಕ್ಕದು ಬೇಡ, ಒತ್ತಕ್ಷರಗಳು ಕೆಳಗಿನ ಸಾಲಿಗೆ ಡಿಕ್ಕಿ ಹೊಡೆಯದಂತೆ ಸಾಲುಗಳ ನಡುವೆ ಜಾಗ ಬಿಡಬೇಕು. ಹೊಸ ಲ್ಯಾಪ್‌ಟಾಪ್‌ಗಳಿಗೆ ಎಚ್‌ಡಿಎಂಐ ಕಿಂಡಿ ಇಲ್ಲದಿದ್ದರೆ ಅಡಾಪ್ಟರ್ ನಿಮ್ಮದೇ ತರಬೇಕು. ಇಲಾಖೆಯಲ್ಲಿ ಇರುವ ಒಂದು ಯಾವಾಗಲೂ ಇನ್ಯಾರದೋ ಕೈಯಲ್ಲಿರುತ್ತದೆ.

ಮೌಲ್ಯಮಾಪನದಲ್ಲಿ ಒಂದು ಒಳ್ಳೆಯದು, ಒಂದು ಕೆಟ್ಟದ್ದು. ಒಳ್ಳೆಯದು: ಪ್ರತಿ ಭಾಷಣವನ್ನೂ ರೆಕಾರ್ಡ್ ಮಾಡಿ ಆಯಾ ವಿದ್ಯಾರ್ಥಿಗೆ ಮಾತ್ರ ಕೊಡುತ್ತಾರೆ, ಅದನ್ನು ನೋಡಿ ಅರ್ಧ ಪುಟ ಬರೆಯಬೇಕು. ಮೊದಲ ಸಲ ದನಿ ಮಾತ್ರ ಕೇಳಿ ‘ಅಂದ್ರೆ’, ‘ಏನಪ್ಪಾ ಅಂದ್ರೆ’, ‘ಸೋ’, ‘ಬೇಸಿಕಲಿ’ ಎಣಿಸುವುದು, ಎರಡನೇ ಸಲ ದನಿ ಮುಚ್ಚಿ ಕೈಕಾಲು ಮಾತ್ರ ನೋಡುವುದು. ಸಹಪಾಠಿಗಳ ಫಾರಂ ಕೂಡ ಜಾಣತನದ್ದು. ‘ಚೆನ್ನಾಗಿತ್ತು, ಇನ್ನೂ ಸ್ವಲ್ಪ ಐ ಕಾಂಟ್ಯಾಕ್ಟ್ ಬೇಕಿತ್ತು’ ಅಂತ ಗೀಚಿ ಕೈತೊಳೆದುಕೊಳ್ಳುವಂತಿಲ್ಲ. ‘ನೆನಪಿನಲ್ಲಿ ಉಳಿದ ಒಂದು ವಾಕ್ಯ ಬರೆಯಿರಿ’ ಅಂತ ಕೇಳುತ್ತಾರೆ. 35 ಫಾರಂಗಳಲ್ಲಿ ಹೆಚ್ಚಿನವು ಖಾಲಿ ಬಂದರೆ ಭಾಷಣಕಾರರಿಗೆ ಬೇರೆ ವಿಮರ್ಶೆ ಬೇಕಿಲ್ಲ.

ಕೆಟ್ಟದ್ದು ‘ಉಚ್ಚಾರಣೆ’ಗೆ ಇಟ್ಟಿರುವ ಹತ್ತು ಅಂಕ. ಮಂಡ್ಯದ ಹುಡುಗ ‘ಹ’ಕಾರ ಬಿಟ್ಟರೆ, ಕಲಬುರಗಿಯ ಹುಡುಗಿ ತನ್ನ ಊರಿನ ಧಾಟಿಯಲ್ಲಿ ಮಾತಾಡಿದರೆ ಎರಡು ಮೂರು ಅಂಕ ಹಾರುತ್ತದೆ. ಕೇಳಿದವರಿಗೆಲ್ಲ ಅರ್ಥವಾಗಿದ್ದರೂ ಸರಿ! ಇದರ ಪರಿಣಾಮ ತರಗತಿಯಲ್ಲೇ ಕಾಣುತ್ತದೆ: ಊರ ಮಾತಿನಲ್ಲಿ ಸಲೀಸಾಗಿ ಹರಟುವವರು ಭಾಷಣಕ್ಕೆ ನಿಂತಾಗ ಗ್ರಂಥಸ್ಥ ಕನ್ನಡಕ್ಕೆ ಜಿಗಿದು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ನಾಲ್ಕರಲ್ಲಿ ಎರಡು ಭಾಷಣ ಕನ್ನಡದಲ್ಲಿ ಮಾಡಲು ಅವಕಾಶ ಕೊಟ್ಟಿರುವ ಕೋರ್ಸು ಈ ಅಂಕಗಳನ್ನು ‘ಸ್ಪಷ್ಟತೆ’ಗೆ ವರ್ಗಾಯಿಸಿದರೆ ಜಗಳವೇ ಇರುವುದಿಲ್ಲ.

ಸಂದರ್ಭ ಭಾಷಣವನ್ನು ಹಲವರು ಹಗುರವಾಗಿ ಎಣಿಸುತ್ತಾರೆ. ನವೆಂಬರ್ ಬಂದರೆ ಸಾಕು, ಬೆಂಗಳೂರಿನ ಪ್ರತಿ ಆಫೀಸಿಗೂ ಬಡಾವಣೆಗೂ ರಾಜ್ಯೋತ್ಸವದ ನಿರೂಪಕರು ಬೇಕು. ಡಿಗ್ರಿ ಮುಗಿಸಿದವರಿಗೆ ಮೊದಲು ಸಿಗುವ ಮೈಕ್ ಅದೇ. ಸ್ವಾಗತಕ್ಕೆ ಅತಿಥಿಯ ಬಯೋಡೇಟಾ ಓದದೆ ಇವತ್ತಿನ ಕಾರ್ಯಕ್ರಮಕ್ಕೆ ಸಂಬಂಧಪಟ್ಟ ಎರಡೇ ಸಂಗತಿ, ಹೆಸರಿನ ಉಚ್ಚಾರ ಮುಂಚೆಯೇ ಅವರನ್ನೇ ಕೇಳಿಕೊಳ್ಳುವುದು. ವಂದನಾರ್ಪಣೆಗೆ 90 ಸೆಕೆಂಡ್; ಜನ ಅಷ್ಟರಲ್ಲಿ ಎದ್ದು ತಿಂಡಿ ಕಡೆ ನೋಡುತ್ತಿರುತ್ತಾರೆ.

ಹೊರಗೆ ಹೋಗಿ ಒಂದು ಉಪನ್ಯಾಸ ಕೇಳಿ ವರದಿ ಕೊಡಬೇಕೆಂಬ ಅಸೈನ್‌ಮೆಂಟ್ ಈ ಊರಿಗೆ ಹೇಳಿ ಮಾಡಿಸಿದ್ದು. ಡಿ.ವಿ.ಜಿ. 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಶುರುಮಾಡಿದ ಬೆಂಗಳೂರು ವಿಜ್ಞಾನ ವೇದಿಕೆ, ಎರಡೂ ಬಸವನಗುಡಿ ಸುತ್ತಮುತ್ತಲೇ ಇವೆ. ವಿಷಯಕ್ಕಿಂತ ಭಾಷಣಕಾರರು ಪ್ರಶ್ನೋತ್ತರ ನಿಭಾಯಿಸುವುದನ್ನು ಗಮನಿಸಿ ಬರೆದವರಿಗೆ ಒಳ್ಳೆಯ ಅಂಕ ಸಿಗುತ್ತದೆ.

ಪರ್ಯಾಯಗಳ ಮಾತು. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಅನಾದಲ್ಲಿ ಹುಟ್ಟಿದ, ಸದಸ್ಯರು ಒಟ್ಟಿಗೆ ಸೇರಿ ಭಾಷಣ ಅಭ್ಯಾಸ ಮಾಡುವ ಸಂಸ್ಥೆಯಾದ ಟೋಸ್ಟ್‌ಮಾಸ್ಟರ್ಸ್‌ಗೆ ಬೆಂಗಳೂರಿನಲ್ಲಿ ಬೇಕಾದಷ್ಟು ಕ್ಲಬ್‌ಗಳಿವೆ. ಅಲ್ಲಿನ ಸಮಯಪಾಲನೆ ಯಾವ ಕಾಲೇಜಿಗೂ ಮಾದರಿ: ಐದರಿಂದ ಏಳು ನಿಮಿಷದ ಭಾಷಣಕ್ಕೆ ಐದಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ‘ಆಂ’, ‘ಊಂ’ ಎಣಿಸುವುದಕ್ಕೇ ಒಬ್ಬರು. ಆದರೆ ಸದಸ್ಯತ್ವಕ್ಕೆ 18 ತುಂಬಿರಬೇಕು, ಅಷ್ಟು ವಯಸ್ಸಾಗದ ಮೊದಲ ವರ್ಷದವರು ಅಲ್ಲೇ ಹೊರಗುಳಿಯುತ್ತಾರೆ. ವಾರಾಂತ್ಯದ ಎರಡು ದಿನದ ‘ಕಾನ್ಫಿಡೆನ್ಸ್’ ಶಿಬಿರಗಳಿಗೆ ಸಾವಿರಾರು ರೂಪಾಯಿ ಕಟ್ಟುವ ಮುಂಚೆ ಮೇಲಿನ ಲೆಕ್ಕವನ್ನೇ ಹಾಕಿ ನೋಡಿ: 40 ಜನ, ಎರಡು ದಿನ, ತಲೆಗೆ ಎಷ್ಟು ನಿಮಿಷ?

ಇದೇ ಕೋರ್ಸಿಗೆ ಸೇರುವವರು ಬೆಳಗಿನ ಸೆಕ್ಷನ್ ಹಿಡಿಯಿರಿ. ಮಧ್ಯಾಹ್ನ ಎರಡರದ್ದರಲ್ಲಿ ಊಟ ಮುಗಿಸಿ ಬಂದ ಕೇಳುಗರು ತೂಕಡಿಸುತ್ತಾರೆ, ಪಕ್ಕದ ಮೈದಾನದ ಗಲಾಟೆಯೂ ಜೋರು. ಭಾಷಣದ ಸರದಿ ಚೀಟಿ ಎತ್ತಿ ನಿಗದಿ ಮಾಡುವಾಗ ಅದಲುಬದಲು ಮಾಡಿಕೊಳ್ಳಲು ಬಿಡುತ್ತಾರೆ. ಮೊದಲ ದಿನದ ಎರಡನೇ ಅಥವಾ ಮೂರನೇ ಜಾಗ ಸಿಕ್ಕರೆ ಬಿಡಬೇಡಿ. ಅಷ್ಟೊತ್ತಿಗೆ ಪ್ರೊಜೆಕ್ಟರ್ ಸರಿಹೋಗಿರುತ್ತದೆ, ಕೇಳುಗರಿಗೆ ಇನ್ನೂ ಬೇಸರ ಬಂದಿರುವುದಿಲ್ಲ.