ಅಮ್ಮನ ಸೀರೆ ರಟ್ಟಿಗೇರುವಾಗ: ಮೈದಾ ಅಂಟು, ಫ್ಯೂಸಿಂಗ್, ಬಿಳಿ ಅಂಟು – ಯಾವುದಕ್ಕೆ ಯಾವುದು?

ಹಳೆಯ ಸೀರೆಯಿಂದ ಡೈರಿ ಕಟ್ಟುವಾಗ ಕೆಲಸ ಕೆಡುವುದು ಹೆಚ್ಚಾಗಿ ಹೊಲಿಗೆಯಲ್ಲಲ್ಲ, ರಟ್ಟಿಗೆ ಬಟ್ಟೆ ಅಂಟಿಸುವಲ್ಲಿ. ಅಂಗಡಿಯಲ್ಲಿ ಸಿಗುವ ಬೈಂಡಿಂಗ್ ಬಟ್ಟೆಯ ಬೆನ್ನಿಗೆ ಅಂಟು ಮೇಲೇಳದಂತೆ ತಡೆಯುವ ಅಸ್ತರಿ ಇರುತ್ತದೆ. ಸೀರೆಗೆ ಅದಿಲ್ಲ. ನೇಯ್ಗೆಯ ಸಂದಿಯಿಂದ ಅಂಟು ಮೇಲೆ ಬಂದು ಒಣಗಿದರೆ ಆ ಹೊಳೆಯುವ ಕಲೆ ಮತ್ತೆ ಹೋಗುವುದಿಲ್ಲ. ಇನ್ನೊಂದು ಮೀಟರ್ ತರೋಣವೆಂದರೆ ಅಮ್ಮನ ಸೀರೆ ಇರುವುದು ಒಂದೇ.

ಆದ್ದರಿಂದ ಇಳಕಲ್ ಸೀರೆಯ ಹತ್ತಿ ಒಡಲು, ಮೈಸೂರು ಸಿಲ್ಕ್, ಗುಳೇದಗುಡ್ಡದ ಖಣ ಈ ಮೂರು ಬಟ್ಟೆಗಳ ಮೇಲೂ ಮೂರು ವಿಧಾನಗಳನ್ನು ಮಾಡಿ ನೋಡಿದೆವು: ಮೈದಾ ಅಂಟಿನಿಂದ ಬಟ್ಟೆಯ ಬೆನ್ನಿಗೆ ತೆಳು ಕಾಗದದ ಅಸ್ತರಿ, ಇಸ್ತ್ರಿಯ ಶಾಖಕ್ಕೆ ಕರಗಿ ಅಂಟುವ ಫ್ಯೂಸಿಂಗ್‌ನಿಂದ ಅದೇ ಅಸ್ತರಿ, ಅಸ್ತರಿಯಿಲ್ಲದೆ ನೇರ ಬಿಳಿ ಅಂಟು. ಎಲ್ಲವೂ ಎ5 ಅಳತೆ, 2 ಮಿ.ಮೀ. ಗ್ರೇ ಬೋರ್ಡ್.

ಇಳಕಲ್ ಹತ್ತಿಗೆ ಮೈದಾ ಅಂಟಿನಷ್ಟು ಒಪ್ಪುವುದು ಬೇರೊಂದಿಲ್ಲ. ಒಂದು ಪಾಲು ಮೈದಾ, ಐದು ಪಾಲು ನೀರು. ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಐದಾರು ನಿಮಿಷದಲ್ಲಿ ಬಿಳುಪು ಹೋಗಿ ಪಾರದರ್ಶಕವಾಗುತ್ತದೆ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಗಟ್ಟಿ ಮಜ್ಜಿಗೆಯ ಹದಕ್ಕೆ ತನ್ನಿ. ಬೈಂಡಿಂಗ್ ಅಂಗಡಿಗಳಲ್ಲಿ ಹುಳ ಬಾರದಿರಲೆಂದು ಮೈಲುತುತ್ತ ಬೆರೆಸುವ ರೂಢಿಯಿದೆ. ಇಲ್ಲಿ ಅದು ಬೇಡ. ಅದು ವಿಷ, ಜೊತೆಗೆ ತಾಮ್ರದ ಅಂಶ ಕಾಲಕ್ರಮದಲ್ಲಿ ಹತ್ತಿ ಮತ್ತು ಕಾಗದದ ನಾರನ್ನೇ ತಿನ್ನುತ್ತದೆ. ಎರಡು ಹನಿ ಲವಂಗದ ಎಣ್ಣೆ ಸಾಕು.

ಬಟ್ಟೆಯನ್ನು ಗ್ರಾನೈಟ್ ಕಟ್ಟೆಯ ಮೇಲೆ ಮುಖ ಕೆಳಗಾಗಿ ಹಾಸಿ, ನೀರು ಚಿಮುಕಿಸಿ, ಎಳೆಗಳನ್ನು ನೆಟ್ಟಗೆ ಮಾಡಿ. ಅಂಟು ಬಳಿಯಬೇಕಾದ್ದು ಅಸ್ತರಿಯ ಕಾಗದಕ್ಕೆ, ಬಟ್ಟೆಗಲ್ಲ. ಹೊಸಬರು ತಪ್ಪುವುದು ಇಲ್ಲೇ. ಉದ್ದ ನಾರಿನ ತೆಳು ಕೈಕಾಗದ ಒಳ್ಳೆಯದು. ಗಾಳಿಪಟದ ಕಾಗದ ಅಗ್ಗ, ಆದರೆ ಒದ್ದೆಯಾದಾಗ ಎತ್ತುವಷ್ಟರಲ್ಲಿ ಹರಿಯುತ್ತದೆ. ಕಾಗದ ಸುತ್ತಲೂ 3 ಸೆಂ.ಮೀ. ಹೆಚ್ಚಿಗೆ ಇರಲಿ. ನಡುವಿನಿಂದ ಹೊರಗೆ ಬ್ರಷ್ ಎಳೆದು ಗಾಳಿ ತೆಗೆದು, ಎರಡನ್ನೂ ಒಟ್ಟಿಗೆ ಎತ್ತಿ, ಆ ಅಂಚನ್ನೇ ಸನ್‌ಮೈಕಾ ಹಲಗೆಗೆ ಅಂಟಿಸಿ ಬಿಡಿ. ಒಂದು ಮೂಲೆಯಲ್ಲಿ ಅಂಟಿಲ್ಲದ ಕಾಗದದ ಚೂರು ಸಿಕ್ಕಿಸಿದ್ದರೆ ಒಣಗಿದ ಮೇಲೆ ಚಾಕು ತೂರಿಸಲು ದಾರಿಯಿರುತ್ತದೆ. ಬೇಸಿಗೆಯಲ್ಲಿ ಒಂದು ದಿನ ಸಾಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎರಡು ಮೂರು ದಿನ ಹಿಡಿಯುತ್ತದೆ. ಫ್ಯಾನ್ ಹಾಕದಿದ್ದರೆ ಬೂಸ್ಟು ಬರುತ್ತದೆ.

ಫಲಿತಾಂಶ ಚಪ್ಪಟೆ, ಗರಿಗರಿ. ಗಂಜಿ ಹಾಕಿದ ಸೀರೆಯ ಸ್ಪರ್ಶವೇ ಉಳಿಯುತ್ತದೆ. ಕಸೂತಿಯಿದ್ದರೂ ತೊಂದರೆಯಿಲ್ಲ: ಗವಂತಿ, ಮುರ್ಗಿ ಹೊಲಿಗೆಗಳಿಗೆ ಹಿಂದೆ ಗಂಟಿರುವುದಿಲ್ಲ, ಹಾಗಾಗಿ ಕಾಗದ ಸಮವಾಗಿ ಕೂರುತ್ತದೆ. ಒಂದೇ ಎಚ್ಚರಿಕೆ, ಒಡಲಿಗೆ ಸೆರಗು ಕೊಂಡಿ ಹಾಕಿದ ತೋಪು ತೆನೆಯ ಜೋಡಣೆ. ಒಂದು ಕಡೆ ಹತ್ತಿ, ಇನ್ನೊಂದು ಕಡೆ ರೇಷ್ಮೆಯ ಹಾಸು, ಅಂದರೆ ಉದ್ದದ ಎಳೆ. ನೀರಿಗೆ ಎರಡೂ ಒಂದೇ ರೀತಿ ಕುಗ್ಗುವುದಿಲ್ಲ. ಜೋಡಣೆಯುದ್ದಕ್ಕೂ ಸುಕ್ಕು ಬೀಳುತ್ತದೆ.

ಮೈಸೂರು ಸಿಲ್ಕಿನ ಮೇಲೆ ಇದೇ ವಿಧಾನ ಸೋತಿತು, ಕೆಟ್ಟದಾಗಿಯೇ. ಅದು ಕ್ರೇಪ್. ಬಿಗಿಯಾಗಿ ಹುರಿ ಮಾಡಿದ ಎಳೆ ನೀರು ಕುಡಿದ ಕೂಡಲೇ ಮುದುಡಿಕೊಳ್ಳುತ್ತದೆ, ಎಳೆದು ಹಾಸಿದರೆ ಎಳೆಗಳು ಓರೆಯಾಗುತ್ತವೆ. ಇಲ್ಲಿ ಬೇಕಾದದ್ದು ನೀರು ಸೋಕದ ಫ್ಯೂಸಿಂಗ್. ಆದರೆ ದರ್ಜಿಗಳು ಬ್ಲೌಸ್ ಕುತ್ತಿಗೆಗೆ ಹಾಕುವ ಚುಕ್ಕಿ ಅಂಟಿನದ್ದಲ್ಲ. ಆ ಚುಕ್ಕಿಗಳು ತೆಳು ರೇಷ್ಮೆಯ ಮೇಲೆ ಮೊಡವೆಯಂತೆ ಎದ್ದು ಕಾಣುತ್ತವೆ. ಕಾಗದದ ಮೇಲೆ ಬರುವ ಎರಡು ಬದಿಯ ಫ್ಯೂಸಿಬಲ್ ಜಾಲ ತಂದು, ಮೊದಲು ಬಟ್ಟೆಗೆ, ಆಮೇಲೆ ಅದರ ಕಾಗದ ಸುಲಿದು ಅಸ್ತರಿಯ ತೆಳು ಕಾಗದಕ್ಕೆ ಒತ್ತಿ. ಇಸ್ತ್ರಿ ರೇಷ್ಮೆಯ ಶಾಖದಲ್ಲಿ, ಉಗಿ ಬಂದ್, ನಡುವೆ ಹತ್ತಿ ಬಟ್ಟೆ. ಒಂದೊಂದು ಜಾಗದಲ್ಲಿ 10 ಸೆಕೆಂಡ್ ಒತ್ತಿ ಎತ್ತಬೇಕು, ಎಳೆದಾಡಬಾರದು. ಜರಿ ಅಸಲಿಯೋ ಎಂದು ಮೊದಲೇ ನೋಡಿ: ಒಂದೆಳೆ ಬಿಡಿಸಿ ಸುಟ್ಟಾಗ ಕರಗಿ ಮಣಿಯಾದರೆ ಅದು ಪ್ಲಾಸ್ಟಿಕ್, ಇಸ್ತ್ರಿಗೆ ಮುರುಟುತ್ತದೆ. ಬಣ್ಣ ಬಿಡುವ ಸೀರೆಗೂ ಫ್ಯೂಸಿಂಗೇ ಗತಿ. ಒದ್ದೆ ಬಿಳಿ ಬಟ್ಟೆಯನ್ನು ಮಡಿಕೆಯೊಳಗಿನ ಅಂಚಿಗೆ ಐದು ನಿಮಿಷ ಒತ್ತಿಟ್ಟರೆ ತಿಳಿಯುತ್ತದೆ.

ಫ್ಯೂಸಿಂಗಿನ ಕೊರತೆಯೆಂದರೆ ಬಟ್ಟೆಯ ಮೃದುತ್ವ ಸ್ವಲ್ಪ ಸಾಯುತ್ತದೆ. ಮೈದಾ ಅಂಟನ್ನು ನೆನೆಸಿ ಬಿಡಿಸಬಹುದು, ಇದನ್ನು ಬಿಡಿಸಲಾಗದು.

ಅಸ್ತರಿಯೇ ಇಲ್ಲದೆ ನೇರವಾಗಿ ಪಿವಿಎ ಬಿಳಿ ಅಂಟಿನಿಂದ ಅಂಟಿಸುವುದು ಎಲ್ಲಕ್ಕಿಂತ ಬೇಗ, ಎಲ್ಲಕ್ಕಿಂತ ಅಪಾಯ. ಇಳಕಲ್ ಹತ್ತಿ ಕಲೆಯಾಯಿತು, ಸಿಲ್ಕ್ ಹಾಳಾಯಿತು. ಖಣ ಮಾತ್ರ ತಾಳಿಕೊಂಡಿತು, ಏಕೆಂದರೆ ಅದರ ನೇಯ್ಗೆ ದಟ್ಟ. ಅದಕ್ಕೂ ರಟ್ಟಿನ ಮೇಲಷ್ಟೇ ತೆಳುವಾಗಿ ರೋಲರ್‌ನಲ್ಲಿ ಬಳಿದು, ಅರ್ಧ ನಿಮಿಷ ಬಿಟ್ಟು ಅಂಟಿಸಬೇಕು.

ಕತ್ತರಿಸುವ ಅಳತೆ: ರಟ್ಟು 145×216 ಮಿ.ಮೀ.ನವು ಎರಡು, ನಡುವೆ ಮಡಚಿದ ನಾಲ್ಕು ಹಾಳೆಯ ಎಂಟು ಕಟ್ಟಿಗೆ ಬೆನ್ನಿನ ಪಟ್ಟಿ ಸುಮಾರು 13, ಕೀಲಿನ ಸಂದು ಎರಡೂ ಕಡೆ 7, ಒಳಗೆ ಮಡಚಲು ಸುತ್ತ 20. ಅಂದರೆ ಅಸ್ತರಿ ಹಾಕಿದ ಬಟ್ಟೆ 36×26 ಸೆಂ.ಮೀ. ಸೀರೆಯ ಹಾಸು ಉದ್ದಕ್ಕೆ ಓಡುತ್ತದೆ; ಅದು ಬೆನ್ನಿಗೆ ಸಮಾನಾಂತರವಾಗಿರಲಿ, ಆಗ ಅಂಚು ತಾನಾಗಿಯೇ ಮುಖಪುಟದಲ್ಲಿ ನಿಂತ ಪಟ್ಟಿಯಾಗುತ್ತದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಗೆರೆಯಲ್ಲಿ ಬಿರಿದಿರುತ್ತದೆ. ಬೆಳಕಿಗೆ ಹಿಡಿದು ನೋಡಿ, ಆ ಗೆರೆ ಕೀಲಿನ ಮೇಲೆ ಬಾರದಂತೆ ಗುರುತು ಹಾಕಿ. ದಿನಕ್ಕೆ ಹತ್ತು ಸಲ ಬಾಗುವ ಜಾಗ ಅದು. ಮೂಲೆ ಕತ್ತರಿಸುವಾಗ ರಟ್ಟಿನಿಂದ 3 ಮಿ.ಮೀ. ಬಿಡಿ; ಕಡಿಮೆಯಾದರೆ ತುದಿಯಲ್ಲಿ ರಟ್ಟು ಇಣುಕುತ್ತದೆ.

ಉಳಿದ ಚೂರುಗಳಲ್ಲಿ 1.5 ಸೆಂ.ಮೀ. ಅಗಲದ ಪಟ್ಟಿಯನ್ನು ಸಣ್ಣ ಹುರಿಯ ಮೇಲೆ ಮಡಚಿ ಅಂಟಿಸಿದರೆ ಪುಸ್ತಕದ ಬೆನ್ನಿನ ತಲೆಗೂ ಬುಡಕ್ಕೂ ಪಟ್ಟಿ ಸಿದ್ಧ. ಅದಕ್ಕೂ ಸಾಲದ ತುಂಡುಗಳು ಕೌದಿಗೆ ಹೋಗಲಿ.